ಮನೆಪಾಠದ ಮಕ್ಕಳು: ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕಲಿಯಲಿ

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇವೆ (ಹೋಮ್‌ಸ್ಕೂಲಿಂಗ್) ಅಂದ ಕೂಡಲೇ ಬರುವ ಪ್ರಶ್ನೆ ಒಂದೇ: "ಹಾಗಾದರೆ ಅವರ ವಯಸ್ಸಿನ ಮಕ್ಕಳ ಜೊತೆ ಬೆರೆಯೋದು ಯಾವಾಗ?" ಊರಿಂದ ಫೋನ್ ಮಾಡುವ ಅಜ್ಜಿ ತಾತಂದಿರ ಚಿಂತೆಯೂ ಇದೇ. ನನಗಂತೂ ಒಂದೇ ವಯಸ್ಸಿನ ಇಪ್ಪತ್ತು ಮಕ್ಕಳು ಸಿಗದಿದ್ದರೆ ನಷ್ಟ ಅನ್ನಿಸಿಲ್ಲ. ಐದು ವರ್ಷದವರಿಂದ ಹನ್ನೆರಡರವರೆಗಿನ ಏಳೆಂಟು ಮಕ್ಕಳು ಆಗಾಗ ಸೇರಿದರೆ ಸಾಕು. ಅದರಲ್ಲಿ ಜಾಸ್ತಿ ಲಾಭ ಆಗುವುದು ದೊಡ್ಡ ಮಕ್ಕಳಿಗೆ. ನಾವೆಲ್ಲ ಚಿಕ್ಕವರಿಗೆ ಅಂದುಕೊಂಡಿರುತ್ತೇವೆ, ಅಲ್ವಾ?

ನಾವಿರುವುದು ಟೆಕ್ಸಾಸ್‌ನಲ್ಲಿ. ಮನೆಪಾಠ ಮಾಡುವ ಕೆಲವು ಮನೆಯವರು ಸೇರಿ ಒಂದು ಕೋ-ಆಪ್, ಅಂದರೆ ಮಕ್ಕಳನ್ನು ಒಟ್ಟಿಗೆ ಕಲಿಸುವ ಗುಂಪು, ಮಾಡಿಕೊಂಡಿದ್ದೇವೆ. ಮೊನ್ನೆ ಮಕ್ಕಳು ಅಳಗುಳಿಮಣೆ ಆಡುತ್ತಿದ್ದರು. ಹದಿನಾಲ್ಕು ಗುಳಿ, ಒಂದೊಂದಕ್ಕೆ ನಾಲ್ಕು ಹುಣಸೆ ಬೀಜ. ಐದು ವರ್ಷದವನಿಗೆ ಒಂದೊಂದೇ ಬೀಜ ಹಾಕುತ್ತಾ ಎಣಿಸುವುದೇ ಖುಷಿ. ಎಂಟು ವರ್ಷದವನು ಪ್ರತಿ ಸಲ ಜಾಸ್ತಿ ಬೀಜ ಇರುವ ಗುಳಿಗೇ ಕೈ ಹಾಕುತ್ತಿದ್ದ. ಹನ್ನೊಂದರ ಹುಡುಗಿ ಎಲ್ಲರನ್ನೂ ಗೆಲ್ಲುತ್ತಿದ್ದಳು. "ಅಕ್ಕಾ, ಆ ಗುಳಿಯಿಂದಲೇ ಯಾಕೆ ಶುರು ಮಾಡಿದೆ?" ಅಂತ ಎಂಟರವನು ಕೇಳಿದ. "ಸುಮ್ನೆ, ಹಾಗೇ ಗೊತ್ತಾಗುತ್ತೆ" ಅಂದಳು. ಅವನು ಬಿಡಲಿಲ್ಲ. "ಹೇಗೆ ಗೊತ್ತಾಗುತ್ತೆ?"

ಅವಳು ಕೈಯಲ್ಲಿದ್ದ ಬೀಜ ಕೆಳಗಿಟ್ಟು ಯೋಚನೆ ಮಾಡಿದಳು. ಆಮೇಲೆ ಬೆರಳು ಮಣೆಯ ಮೇಲೆ ಓಡಿಸುತ್ತಾ ನಿಧಾನವಾಗಿ ಹೇಳಿದಳು: "ನಿನ್ನ ಬೀಜ ಎಲ್ಲಿ ಮುಗಿಯುತ್ತೆ ಅಂತ ಮೊದಲೇ ಎಣಿಸು. ಅದರ ಮುಂದಿನ ಗುಳಿ ಖಾಲಿ ಇದೆಯಾ ನೋಡು. ಇದ್ದರೆ ಅದರಾಚೆಯ ಗುಳಿಯಲ್ಲಿರೋದು ನಿನ್ನದು." ಅಷ್ಟು ದಿನ ಅವಳು ಅಂದಾಜಿನಲ್ಲೇ ಆಡುತ್ತಿದ್ದಳು. ಅವತ್ತು ಮೊದಲ ಸಲ ಅದನ್ನು ಮಾತಿಗೆ ತಂದಳು. ನಾನೇ ಕೂರಿಸಿ ಕೇಳಿದ್ದರೆ "ಗೊತ್ತಿಲ್ಲಮ್ಮ" ಅನ್ನುತ್ತಿದ್ದಳೇನೋ. ಚಿಕ್ಕವನ ಹಟಕ್ಕೆ ಉತ್ತರ ಕೊಡಲೇಬೇಕಾಯಿತು.

ಇನ್ನೊಂದು ವಿಷಯ ಹೊರದೇಶದಲ್ಲಿರುವ ನಮ್ಮಂಥವರಿಗೆ ಮುಖ್ಯ. ಈ ಮಾತೆಲ್ಲ ನಡೆದದ್ದು ಕನ್ನಡದಲ್ಲಿ. ದೊಡ್ಡ ಮಗು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಮನೆಯಲ್ಲಿ ಅಕ್ಕ ತಮ್ಮ ಇಂಗ್ಲಿಷಿಗೆ ಇಳಿದುಬಿಡುವುದು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಆಗಿಲ್ಲ? ಚಿಕ್ಕ ಮಕ್ಕಳು ಅಪ್ಪ ಅಮ್ಮನಿಗಿಂತ ದೊಡ್ಡ ಮಕ್ಕಳನ್ನೇ ನೋಡಿ ಮಾತಾಡುತ್ತವೆ. ಗುಂಪಿನಲ್ಲಿ ಇಬ್ಬರು ದೊಡ್ಡವರು ಕನ್ನಡ ಬಿಡದಿದ್ದರೆ ಉಳಿದವರೂ ಬಿಡುವುದಿಲ್ಲ.

ಇದೇನು ಅಮೆರಿಕದ ಹೊಸ ಫ್ಯಾಷನ್ ಅಂದುಕೊಳ್ಳಬೇಡಿ. ಮಾಂಟೆಸ್ಸರಿ ಶಾಲೆಗಳಲ್ಲಿ ಮೂರರಿಂದ ಆರು ವರ್ಷದವರು ಒಟ್ಟಿಗೇ ಇರುತ್ತಾರೆ. ಕರ್ನಾಟಕದ ಸರ್ಕಾರಿ ಶಾಲೆಗಳ ನಮ್ಮ ನಲಿ-ಕಲಿ ಪದ್ಧತಿ ನೋಡಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಸಂಸ್ಥೆಯ ಹಳ್ಳಿ ಶಾಲೆಗಳ ಕ್ರಮ ನೋಡಿ, ನಮ್ಮ ಸರ್ಕಾರಿ ಶಾಲೆಗೆ ಒಗ್ಗಿಸಿದರು. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ, ಪಾಠದ ಕಾರ್ಡು ಹಿಡಿದು, ಕಲಿಕಾ ಏಣಿ (ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ತೋರಿಸುವ ಪಟ) ನೋಡಿಕೊಂಡು ತಮ್ಮ ತಮ್ಮ ವೇಗದಲ್ಲಿ ಮುಂದೆ ಹೋಗುತ್ತಾರೆ. ಶಿಕ್ಷಕರ ಸಹಾಯ ಪೂರ್ತಿ ಬೇಕಾದವರ ಗುಂಪು ಬೇರೆ, ಸಹಪಾಠಿಯ ಸಹಾಯ ಸಾಕಾದವರ ಗುಂಪು ಬೇರೆ, ತಾವೇ ಕಲಿಯುವವರದ್ದು ಬೇರೆ. ಮನೆಯಲ್ಲಿ ಇಬ್ಬರು ಮೂವರನ್ನು ಒಟ್ಟಿಗೆ ಕೂರಿಸುವ ತಾಯಂದಿರಿಗೆ ಈ ವಿಂಗಡಣೆ ತುಂಬಾ ಉಪಯೋಗ. ಎಲ್ಲರಿಗೂ ಒಂದೇ ಹೊತ್ತಿನಲ್ಲಿ ನಾವೇ ಬೇಕಾಗುವುದಿಲ್ಲ.

ಆದರೆ ಒಂದು ಎಚ್ಚರ. ದೊಡ್ಡ ಮಗುವನ್ನು ಪುಕ್ಕಟೆ ಟೀಚರ್ ಮಾಡಬೇಡಿ. "ಸ್ವಲ್ಪ ತಮ್ಮನಿಗೆ ಹೇಳಿಕೊಡು" ಅಂತ ದಿನಾ ಹೇಳಿದರೆ ಅವಳ ಓದು ಹಿಂದೆ ಬೀಳುತ್ತದೆ, ತಮ್ಮನ ಮೇಲೆ ಸಿಟ್ಟೂ ಬರುತ್ತದೆ. ಅವಳಿಗಿಂತ ದೊಡ್ಡವರು, ಅವಳು ಹೋಗಿ ಕೇಳಬಹುದಾದವರು, ಗುಂಪಿನಲ್ಲಿ ಇರಲೇಬೇಕು. ಹೇಳಿಕೊಡುವುದು ಆಟ, ಅಡುಗೆ, ಕಥೆ ಓದುವಾಗ ತಾನಾಗಿ ಬರಲಿ. ಗಣಿತದಂಥ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾದ ಪಾಠ ಅವರವರಿಗೆ ಬೇರೆಯೇ ಇರಲಿ.

ಕಾನೂನು ಮಾತ್ರ ನಿಮ್ಮ ದೇಶದ್ದನ್ನು ಮೊದಲು ನೋಡಿಕೊಳ್ಳಿ. 1994ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಮನೆಪಾಠವನ್ನು ಖಾಸಗಿ ಶಾಲೆಗೆ ಸಮ ಅಂತ ಹೇಳಿರುವುದರಿಂದ ನಮಗೆ ತೊಂದರೆಯಿಲ್ಲ. ಇಂಗ್ಲೆಂಡಿನಲ್ಲೂ ಅವಕಾಶ ಇದೆ. ಜರ್ಮನಿಯಲ್ಲಿರುವವರು ಶಾಲೆಗೆ ಕಳಿಸಲೇಬೇಕು. ಅಂಥವರು ವಾರಾಂತ್ಯದ ಕನ್ನಡ ತರಗತಿಯನ್ನಾದರೂ ವಯಸ್ಸಿನ ಪ್ರಕಾರ ಒಡೆಯದೆ ನಡೆಸಿ ನೋಡಬಹುದು.

ಹದಿಮೂರು ದಾಟಿದ ಮಕ್ಕಳಿರುವವರಿಗೆ ಒಂದು ಪ್ರಶ್ನೆ: ಬೀಜಗಣಿತ, ವಿಜ್ಞಾನದ ಪ್ರಯೋಗಗಳಿಗೆ ಜೊತೆಗಾರರನ್ನು ಎಲ್ಲಿ ಹುಡುಕಿದಿರಿ? ನಮ್ಮ ಗುಂಪಿನಲ್ಲಿ ಆ ವಯಸ್ಸಿನವರು ಇನ್ನೂ ಇಲ್ಲ, ಇನ್ನೆರಡು ವರ್ಷದಲ್ಲಿ ಬೇಕಾಗುತ್ತದೆ.