ಅಪ್‌ಡೇಟ್: ಹಾಫ್ನರ್ ಬಾಸ್‌ಗೆ ಫ್ಲಾಟ್‌ವೂಂಡ್ ಬಿತ್ತು, ಪಿಕಪ್ ಹಾಗೇ ಇದೆ

ನನ್ನ ಹಾಫ್ನರ್ ಇಗ್ನಿಷನ್ ವಯಲಿನ್ ಬಾಸ್‌ಗೆ (ಪಿಟೀಲಿನ ಆಕಾರದ ಬಾಸ್ ಗಿಟಾರ್) ಯಾವ ತಂತಿ ಹಾಕಲಿ, ಪಿಕಪ್ (ತಂತಿಯ ಕಂಪನವನ್ನ ವಿದ್ಯುತ್ ಸಂಕೇತ ಮಾಡೋ ಭಾಗ) ಬದಲಿಸಲೇಬೇಕಾ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ‘ಮೊದಲು ತಂತಿ ಬದಲಿಸಿ, ಆಮೇಲೆ ನೋಡೋಣ’ ಅಂದವರಿಗೆ ಥ್ಯಾಂಕ್ಸ್. ಪಿಕಪ್ಪಿನ ದುಡ್ಡು ಉಳೀತು.

ಹಾಕಿದ್ದು ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೂಂಡ್ (ಚಪ್ಪಟೆ ಪಟ್ಟಿ ಸುತ್ತಿದ ನುಣುಪು ತಂತಿ), ಈ ಬಾಸ್‌ಗೆಂದೇ ಬರೋ ಸೆಟ್: ದಪ್ಪ ಇಂಚಿನ ಸಾವಿರದ ಭಾಗಗಳಲ್ಲಿ 39, 56, 77, 96. ಸ್ಕೇಲ್ (ತಂತಿ ನುಡಿಯೋ ಉದ್ದ) 30 ಇಂಚು ತಾನೇ ಅಂತ ಕೈಗೆ ಸಿಕ್ಕ ಶಾರ್ಟ್ ಸ್ಕೇಲ್ ಸೆಟ್ ತಂದುಬಿಡಬೇಡಿ. ಟೇಲ್‌ಪೀಸ್ (ತಂತಿಯ ತುದಿ ಸಿಕ್ಕಿಸೋ ಭಾಗ) ಬ್ರಿಡ್ಜಿಗಿಂತ (ತಂತಿಗಳನ್ನ ಎತ್ತಿ ಹಿಡಿಯೋ ಕುದುರೆ) ಸಾಕಷ್ಟು ಹಿಂದಿರೋದರಿಂದ ತಂತಿಗೆ ಅಷ್ಟು ಹೆಚ್ಚುವರಿ ಉದ್ದ ಬೇಕು.

ಕೆಲಸ ಕೊಟ್ಟಿದ್ದು ಬ್ರಿಡ್ಜು. ಸ್ಕ್ರೂ ಇಲ್ಲ, ಅಂಟಿಲ್ಲ, ತಂತಿಗಳ ಬಿಗಿತವೇ ಅದನ್ನ ಹಿಡಿದಿಡೋದು. ಅದಕ್ಕೇ ಅದರ ಜಾಗಕ್ಕೆ ಮಾಸ್ಕಿಂಗ್ ಟೇಪಿನ ಗುರುತು ಹಾಕಿ, ಒಂದೊಂದೇ ತಂತಿ ಬಿಚ್ಚಿ ಕಟ್ಟಿದೆ. ಆಮೇಲೆ ಬ್ರಿಡ್ಜ್ ಸರಿಯಾದ ಜಾಗದಲ್ಲಿದೆಯಾ ಅಂತ ನೋಡಲು 12ನೇ ಫ್ರೆಟ್ಟಿನ ಹಾರ್ಮಾನಿಕ್ಕನ್ನೂ (ತಂತಿ ಒತ್ತದೆ ಬರೀ ಮುಟ್ಟಿ ಹೊರಡಿಸೋ ಸ್ವರ) ಅಲ್ಲೇ ಒತ್ತಿ ನುಡಿಸಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿದೆ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜನ್ನ ಟೇಲ್‌ಪೀಸ್ ಕಡೆಗೆ ಕೂದಲೆಳೆಯಷ್ಟು ಸರಿಸಬೇಕು, ಇಳಿದಿದ್ದರೆ ನೆಕ್ ಕಡೆಗೆ. ಅತಿ ದಪ್ಪದ E ತಂತಿ ಚೆನ್ನಾಗಿಯೇ ಸತಾಯಿಸಿತು.

ನಾದ ಈಗ ದುಂಡಗಿದೆ, ಮೃದಂಗದ ಎಡಭಾಗದ ಹಾಗೆ. ಬೆರಳು ಜಾರುವಾಗಿನ ಕಿರ್ರ್ ಸದ್ದು ಹೋಯ್ತು. ಆಂಪ್ ಎದುರು ವಾಲ್ಯೂಮ್ ಏರಿಸಿದರೆ ಗುಂಯ್ ಅನ್ನೋದು ಮಾತ್ರ ಇದೆ. ಟೊಳ್ಳು ಬಾಡಿ, ಏನು ಮಾಡೋದು, ಪಕ್ಕಕ್ಕೆ ಸರಿದು ನಿಲ್ಲೋದು. ಈ ಗುಂಯ್ ನಿಲ್ಲಿಸೋಕೆ ಎಫ್-ಹೋಲ್‌ಗೆ (ಬಾಡಿಯ ಮೇಲಿನ f ಆಕಾರದ ತೂತು) ಸ್ಪಂಜ್ ತುರುಕಿ ಅಂದವರೇ, ಇದಕ್ಕೆ ಎಫ್-ಹೋಲೇ ಇಲ್ಲ ಮಾರಾಯ್ರೆ!

ಟ್ಯೂನಿಂಗ್ ಕೀ ಬದಲಿಸೋ ಆಸೆ ಇನ್ನೂ ಇದೆ, ಸಂಬಳ ಬರಲಿ.