ತಿಂಗಳ ಶುಲ್ಕದ ಡಾಕ್ಟರಿಗೆ ಸನ್ಮಾನ: ಏನು ನೋಡಿ ಆರಿಸೋಣ?

ಡಲ್ಲಾಸ್_ಕನ್ನಡಿಗ: ಮಾರ್ಚ್ 30 ಇಲ್ಲಿ ಅಮೆರಿಕದಲ್ಲಿ ಡಾಕ್ಟರ್ಸ್ ಡೇ. ಡೈರೆಕ್ಟ್ ಪ್ರೈಮರಿ ಕೇರ್ ನಡೆಸುವ ಒಬ್ಬ ಡಾಕ್ಟರನ್ನು ಕರೆದು ನಮ್ಮ ಕೂಟದಲ್ಲಿ ಸನ್ಮಾನ ಮಾಡೋಣ ಅಂತಿದ್ದೇವೆ. ಗೊತ್ತಿಲ್ಲದವರಿಗೆ ಒಂದು ಮಾತು. ಇವರು ಇನ್ಶೂರೆನ್ಸಿಗೆ ಬಿಲ್ ಕಳಿಸುವುದಿಲ್ಲ. ಸಾಮಾನ್ಯವಾಗಿ ತಿಂಗಳಿಗೆ 50ರಿಂದ 100 ಡಾಲರ್ ಕೊಟ್ಟರೆ ಆಯ್ತು, ಎಷ್ಟು ಸಲ ಬೇಕಾದರೂ ಹೋಗಬಹುದು, ಫೋನ್ ಮಾಡಬಹುದು. 2026ರ ಜನವರಿಯಿಂದ ಎಚ್‌ಎಸ್‌ಎ ಖಾತೆಯ (ಆರೋಗ್ಯದ ಖರ್ಚಿಗೆ ಅಂತ ತೆರಿಗೆ ಇಲ್ಲದೆ ಕೂಡಿಡುವ ಖಾತೆ) ದುಡ್ಡಲ್ಲೂ ಈ ಶುಲ್ಕ ಕಟ್ಟಬಹುದು; ಒಬ್ಬರಿಗೆ ತಿಂಗಳ ಮಿತಿ 150 ಡಾಲರ್. ಹಾಗಾಗಿ ಸೇರುವವರು ಜಾಸ್ತಿ ಆಗ್ತಾರೆ. ಒಳ್ಳೆಯವರನ್ನು ಗುರುತಿಸುವುದು ಹೇಗೆ?

ತುಂಗೆಯ_ಮಗಳು: ಒಂದೇ ಕೋರಿಕೆ, ಗೋಡೆಯ ಮೇಲಿನ ಫಲಕ ನೋಡಿ ಆರಿಸಬೇಡಿ. 2019ರಲ್ಲಿ ಪ್ರೊಪಬ್ಲಿಕಾದ ಪತ್ರಕರ್ತ ಮಾರ್ಷಲ್ ಅಲೆನ್ ಅವರಿಗೇ ‘ಟಾಪ್ ಡಾಕ್ಟರ್’ ಪ್ರಶಸ್ತಿ ಬಂದಿದೆ ಅಂತ ಫೋನ್ ಬಂದಿತ್ತು. ತಾನು ಡಾಕ್ಟರಲ್ಲ ಅಂತ ಅವರು ಹೇಳಿದರೂ, ಫೋನ್ ಮಾಡಿದ ಕಂಪನಿಯವರು ದುಡ್ಡು ತೆಗೆದುಕೊಂಡು ಫಲಕ ಕೊಡಲು ಒಪ್ಪಿದರು!

ನೈಟ್‌ಶಿಫ್ಟ್_ನರ್ಸ್: ನಾನು ನೋಡುವುದು ಡಾಕ್ಟರು ಕೊಡುವ ಸಮಯವನ್ನು. ನಮ್ಮತ್ತೆ ಊರಿಂದ ಬಂದಿದ್ದರು. ಕಾಲು ಊದಿಕೊಂಡಿತ್ತು. ತಿಂಗಳ ಶುಲ್ಕದ ನಮ್ಮ ಡಾಕ್ಟರು ಅತ್ತೆಯ ಬಟ್ಟೆ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದೇ ಸ್ಟ್ರಿಪ್ ತಿರುಗಿಸಿ ಓದಿದರು. ಎರಡು ಸ್ಟ್ರಿಪ್ಪಿನ ಹೆಸರು ಬೇರೆ, ಒಳಗಿದ್ದದ್ದು ಮಾತ್ರ ಒಂದೇ, ಆಮ್ಲೋಡಿಪಿನ್. ಬಿಪಿಗೆ ಕೊಡುವ ಈ ಮಾತ್ರೆ ಜಾಸ್ತಿಯಾದರೆ ಪಾದ ಊದುತ್ತದೆ. ಅತ್ತೆ ಎರಡನ್ನೂ ನುಂಗುತ್ತಿದ್ದರು. ಇದನ್ನು ಹುಡುಕೋಕೆ ಮುಕ್ಕಾಲು ಗಂಟೆ ಹಿಡಿಯಿತು. ಎರಡು ಸಾವಿರ ರೋಗಿಗಳ ಪಟ್ಟಿ ಇರುವವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಇವರ ಪಟ್ಟಿಯಲ್ಲಿ ಇರುವುದು ಐನೂರು ಚಿಲ್ಲರೆ.

ಸಿಯಾಟಲ್_ರಾಯರು: ಅತ್ತೆಯವರಿಗೆ ಒಳ್ಳೆಯದಾಯಿತು, ಸಂತೋಷ. ಆದರೆ ಎರಡು ಸಾವಿರದಿಂದ ಐನೂರಕ್ಕೆ ಇಳಿದರೆ ಉಳಿದ ಒಂದೂವರೆ ಸಾವಿರ ಜನ ಎಲ್ಲಿಗೆ ಹೋಗಬೇಕು ತಾಯಿ? ನಮ್ಮೂರಲ್ಲಿ 2007ರಲ್ಲಿ ಕ್ಲಯನ್ಸ್ ಅನ್ನುವ ಇಂಥದೇ ತಿಂಗಳ ಶುಲ್ಕದ ಸಂಸ್ಥೆ ಶುರುವಾಯಿತು, ಮೆಡಿಕೇಡ್ ಅನ್ನುವ ಸರ್ಕಾರಿ ವಿಮೆಯ ಬಡವರನ್ನೂ ಸೇರಿಸಿಕೊಂಡಿತು. 2017ರಲ್ಲಿ ಮುಚ್ಚಿತು. ಬಡವರಿಗೂ ಸಿಗುವ ಹಾಗೆ ನಡೆಸುವುದು ಅಷ್ಟು ಕಷ್ಟ. ಅದನ್ನು ಮಾಡುತ್ತಿರುವವರಿಗೇ ಶಾಲು ಹೊದಿಸಿ.

ಮಂಡ್ಯದ_ಹೈದ: ಹಾಗಾದ್ರೆ ನಮ್ಮ ಶಂಕರೇಗೌಡರ ಮುಂದೆ ಯಾರೂ ಇಲ್ಲ ಬಿಡಿ. ಚರ್ಮರೋಗ ತಜ್ಞರು, ಐದು ರೂಪಾಯಿಗೆ ನೋಡ್ತಾರೆ. ಮಂಡ್ಯದಲ್ಲಿ ರಸ್ತೆ ಬದಿ ಅಂಗಡಿ ಮುಂದೆ ಕೂತು ಚೀಟಿ ಬರೆದುಕೊಟ್ಟವರು.

ನೈಟ್‌ಶಿಫ್ಟ್_ನರ್ಸ್: ಗೌಡರಿಗೆ ಕೈ ಮುಗಿಯುತ್ತೇನೆ. ಆದರೆ ಅವರ ಮುಂದೆ ದಿನವೂ ದೊಡ್ಡ ಸಾಲು. ಆ ಸೇವೆ ಬೇರೆ, ಚೀಲ ಸುರಿದು ಕೂರುವ ಸೇವೆ ಬೇರೆ. ರಾಯರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಂದು ಮಾತ್ರ ಕಂಡಿದ್ದೇನೆ. ನಮ್ಮ ಡಾಕ್ಟರು ಬಿಲ್ಲಿನ ಕಾಗದ ತುಂಬಿ ತುಂಬಿ ಸೋತು, ವೃತ್ತಿಯನ್ನೇ ಬಿಡಲು ಹೊರಟಿದ್ದರು. ಹಾಗಾಗಿದ್ದರೆ ಆ ಐನೂರು ಜನರಿಗೂ ಅವರು ಸಿಗುತ್ತಿರಲಿಲ್ಲ.

ತುಂಗೆಯ_ಮಗಳು: ಇನ್ನೊಂದು ತೊಡಕಿದೆ. ಇನ್ಶೂರೆನ್ಸಿಗೆ ಬಿಲ್ ಹೋಗದಿದ್ದರೆ ಇವರ ಕೆಲಸದ ಲೆಕ್ಕ ಹೊರಗಿನವರಿಗೆ ಸಿಗುವುದಿಲ್ಲ. ಬಿಪಿ ಇರುವವರಲ್ಲಿ ಎಷ್ಟು ಜನರದ್ದು ಹತೋಟಿಯಲ್ಲಿದೆ? ಸಕ್ಕರೆ ಕಾಯಿಲೆಯವರ ಕಣ್ಣು ಪರೀಕ್ಷೆ ಆಗಿದೆಯಾ? ತಾವಾಗಿಯೇ ಲೆಕ್ಕ ಇಟ್ಟು ತೋರಿಸುವ ಡಾಕ್ಟರು ನನ್ನ ಕಣ್ಣಲ್ಲಿ ದೊಡ್ಡವರು.

ಸಿಯಾಟಲ್_ರಾಯರು: ಇದನ್ನು ಒಪ್ಪುತ್ತೇನೆ. ಜೊತೆಗೆ, ಕೆಲಸ ಕಳೆದುಕೊಂಡವರು ಎರಡು ತಿಂಗಳು ಶುಲ್ಕ ಕಟ್ಟದಿದ್ದರೆ ಏನು ಮಾಡಿದರು ಅಂತಲೂ ಕೇಳಿ.

ಡಲ್ಲಾಸ್_ಕನ್ನಡಿಗ: ಮೂರೂ ಬರೆದುಕೊಂಡೆ. ನಮ್ಮ ಪಟ್ಟಿಯಲ್ಲಿ ನಾಲ್ವರಿದ್ದಾರೆ. ಶನಿವಾರ ಅವರ ಹತ್ತಿರ ಹೋಗುವ ರೋಗಿಗಳಿಗೆ ಫೋನ್ ಮಾಡುತ್ತೇವೆ. ಶುಲ್ಕದ ಪ್ರಶ್ನೆಯನ್ನೇ ಮೊದಲು ಕೇಳುತ್ತೇವೆ ರಾಯರೇ.