ಸೆರಗಿನ ಕೆಂಪು ಫೋಟೋದಲ್ಲಿ ಬೇರೆಯೇ ಬರ್ತಿದೆ. ರಾ ಫೈಲ್‌ಗೆ ಯಾವ ಸಾಫ್ಟ್‌ವೇರ್ ಹಾಕಲಿ?

ಇಳಕಲ್ ಸೊಸೆ:
ಎಲ್ಲರಿಗೂ ನಮಸ್ಕಾರ. ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಅಂಗಡಿ ಮಾವನದು, ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವ ಕೆಲಸ ನನ್ನದು. ಎರಡು ವರ್ಷ ಫೋನ್‌ನಲ್ಲೇ ತೆಗೆದೆ. ಶ್ರಾವಣದಲ್ಲಿ ಪುಣೆಗೆ ಕಳಿಸಿದ ಮೂರು ಸೀರೆ ವಾಪಸ್ ಬಂದವು. ಫೋಟೋದಲ್ಲಿ ಸೆರಗು ಟೊಮೆಟೊ ಥರ ಇತ್ತು, ಬಂದಿದ್ದು ದಾಳಿಂಬೆ ಬಣ್ಣ ಅಂದರು. ಪಕ್ಕದಲ್ಲಿಟ್ಟು ನೋಡಿದೆ, ಅವರು ಹೇಳಿದ್ದು ನಿಜ. ಮಾವ ಬೈಯಲಿಲ್ಲ. ಕೊರಿಯರ್ ಖರ್ಚನ್ನು ನನಗೆ ಕಾಣುವ ಹಾಗೆ ದೊಡ್ಡದಾಗಿ ವಹಿಯಲ್ಲಿ ಬರೆದಿಟ್ಟರು, ಅಷ್ಟೇ.

ದೀಪಾವಳಿಗೆ ನನ್ನ ತಮ್ಮ ತನ್ನ ಕ್ಯಾನನ್ 200ಡಿ ಮಾರ್ಕ್ 2 ಕ್ಯಾಮೆರಾ ಕೊಟ್ಟ. "ರಾ ಇಟ್ಟು ತೆಗಿ ಅಕ್ಕ, ಬಣ್ಣ ಆಮೇಲೆ ಸರಿ ಮಾಡಬಹುದು" ಅಂದ. ರಾ ಅಂದರೆ ಕ್ಯಾಮೆರಾ ಹಿಡಿದದ್ದನ್ನು ಜೆಪೆಗ್ ಮಾಡದೆ ಹಾಗೇ ಇಡುವ ಫೈಲ್ ಅಂತೆ. ತೆಗೆದೆ. ಈಗ ಲ್ಯಾಪ್‌ಟಾಪ್ ತುಂಬ ಸಿಆರ್3 (ಕ್ಯಾನನ್‌ನ ರಾ) ಫೈಲ್‌ಗಳು, ಆದರೆ ಸೆರಗು ಹಾಗೇ ಇದೆ. ಒಡಲು ಹತ್ತಿ, ಅದು ಚೆನ್ನಾಗಿಯೇ ಬರುತ್ತದೆ. ಸೆರಗು ರೇಷ್ಮೆ. ಕೊಂಡಿ ಹಾಕಿ ಜೋಡಿಸಿದ ಜಾಗ ದಾಟಿದರೆ ಸಾಕು, ಕೆಂಪು ಪೇಂಟ್ ಬಳಿದ ಹಾಗೆ. ನೂಲಿನ ಎಳೆಯೇ ಕಾಣುವುದಿಲ್ಲ.

ತಿಂಗಳಿಗೆ 30-40 ಸೀರೆ. ಲ್ಯಾಪ್‌ಟಾಪ್ 8 ಜಿಬಿ, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಲೈಟ್‌ರೂಮ್ ತಗೊಳ್ಳಲಾ, ಡಾರ್ಕ್‌ಟೇಬಲ್ ಕಲಿಯಲಾ? ಪರಿಚಯದವರೊಬ್ಬರು ಪೆನ್‌ಡ್ರೈವ್‌ನಲ್ಲಿ "ಫುಲ್ ವರ್ಷನ್" ಹಾಕಿಕೊಡ್ತೀನಿ ಅಂತಿದ್ದಾರೆ. ಅದು ಬೇಡ ಅಂತ ನನಗೂ ಅನಿಸುತ್ತಿದೆ.

ನವನಗರ ಸ್ಟುಡಿಯೋ:
ಪೆನ್‌ಡ್ರೈವ್ ಹತ್ತಿರ ಬಿಟ್ಟುಕೊಳ್ಳಬೇಡಿ ಮೇಡಂ. ಅದರ ಜೊತೆ ಬಂದ ವೈರಸ್ ನನ್ನ ಎರಡು ಮದುವೆ ಆಲ್ಬಮ್ ನುಂಗಿದೆ.

ಬಾಗಲಕೋಟೆಯಲ್ಲಿ ನಾನು ಮದುವೆ ಫೋಟೋ ತೆಗೆಯುತ್ತೇನೆ, ಲೈಟ್‌ರೂಮ್ ಇಲ್ಲದೆ ನಡೆಯುವುದಿಲ್ಲ. ಒಂದು ಮದುವೆಗೆ ಎರಡು ಸಾವಿರ ಫೋಟೋ. ಒಂದನ್ನು ಸರಿ ಮಾಡಿ ಉಳಿದವಕ್ಕೆ ಅದನ್ನೇ ಹಚ್ಚುತ್ತೇನೆ. ಆದರೆ ಅದು ಬಾಡಿಗೆ ಮನೆ ಇದ್ದ ಹಾಗೆ. ದುಡ್ಡು ಕಟ್ಟುವುದು ನಿಲ್ಲಿಸಿದರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಫೋಟೋ ನೋಡಬಹುದು, ಹೊರಗೆ ತೆಗೆಯಬಹುದು. ಎಡಿಟ್ ಮಾಡುವ ಡೆವಲಪ್ ಭಾಗಕ್ಕೆ ಬೀಗ. 40 ಸೀರೆಗೆ ಯಾಕೆ ಸುಮ್ನೆ?

ಟಿಳಕವಾಡಿ ಹುಡುಗ:
ಡಾರ್ಕ್‌ಟೇಬಲ್ ಹಾಕಿ ಅಕ್ಕ. ಪೂರ್ತಿ ಉಚಿತ, ವಿಂಡೋಸ್‌ನಲ್ಲೂ ನಡೆಯುತ್ತದೆ. ನಾನು ಬಾದಾಮಿ ಗುಹೆಗಳ ಫೋಟೋ ಎಲ್ಲ ಅದರಲ್ಲೇ ಮಾಡಿದ್ದು. ಕೆಂಪು ಕಲ್ಲು, ನೆಲದಿಂದ ಪುಟಿದು ಬರುವ ಬೆಳಕೂ ಕೆಂಪು. ಆಟೋ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ನೋಡಿ ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ಆ ಕೆಂಪನ್ನೆಲ್ಲ ತೊಳೆದು ಕಲ್ಲನ್ನು ಸಿಮೆಂಟ್ ಮಾಡಿಬಿಡುತ್ತಿತ್ತು. ಹಳೆಯ ಆವೃತ್ತಿಗಳು ಸಿಆರ್3 ತೆರೆಯುತ್ತಿರಲಿಲ್ಲ, ಹೊಸದನ್ನೇ ಇಳಿಸಿಕೊಳ್ಳಿ.

ಒಂದು ಮಾತು. ಮೊದಲ ಸಲ ತೆರೆದಾಗ ಫೋಟೋ ಸಪ್ಪೆ ಕಾಣುತ್ತದೆ. ಕ್ಯಾನನ್‌ನ ಪಿಕ್ಚರ್ ಸ್ಟೈಲ್, ಅಂದರೆ ಕ್ಯಾಮೆರಾ ಹಚ್ಚುವ ಬಣ್ಣದ ಹದ, ಅದಕ್ಕೆ ಅರ್ಥವಾಗುವುದಿಲ್ಲ. ಕೈ ಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಸ್ವಲ್ಪ ತೆವಳುತ್ತದೆ.

ಗುಮ್ಮಟದ ನೆರಳು:
ತಂಗಿ, ವಿಜಯಪುರದಲ್ಲಿ 30 ವರ್ಷ ಸ್ಟುಡಿಯೋ ನಡೆಸಿದವನು ನಾನು. ಒಂದು ಪ್ರಶ್ನೆ. ಸೀರೆ ಎಲ್ಲಿ ಹಾಸಿ ತೆಗೆಯುತ್ತೀ? ಮೇಲೆ ಯಾವ ದೀಪ?

ಇಳಕಲ್ ಸೊಸೆ:
ಗಾದಿ ಮೇಲೆ ಸರ್. ಮೇಲೆ ಎರಡು ಎಲ್‌ಇಡಿ ಟ್ಯೂಬ್, ದೇವರ ಫೋಟೋ ಹತ್ತಿರ ಒಂದು ಹಳದಿ ಬಲ್ಬ್. ಬಾಗಿಲಿಂದ ಬಿಸಿಲೂ ಬರುತ್ತದೆ.

ಗುಮ್ಮಟದ ನೆರಳು:
ಹಾಗಾದರೆ ಯಾವ ಸಾಫ್ಟ್‌ವೇರೂ ಸಾಲದು. ಮೂರು ಬೆಳಕು, ಮೂರು ಬಣ್ಣ. ವೈಟ್ ಬ್ಯಾಲೆನ್ಸ್ ಒಂದಕ್ಕೆ ಸರಿ ಮಾಡಿದರೆ ಇನ್ನೆರಡು ಕೆಡುತ್ತವೆ. ರೇಷ್ಮೆ ಕನ್ನಡಿ ಇದ್ದ ಹಾಗೆ, ಮೂರನ್ನೂ ಹಿಡಿದು ತೋರಿಸುತ್ತದೆ. ದೀಪ ಎಲ್ಲ ಆರಿಸು. ಬಿಸಿಲು ನೇರ ಬೀಳದ ಪಡಸಾಲೆಯಲ್ಲಿ, ಬೆಳಗ್ಗೆ ಹತ್ತರ ಸುಮಾರಿಗೆ ಹಾಸು.

ಎಳೆ ಕಾಣುವುದಿಲ್ಲ ಅಂದೆಯಲ್ಲ, ಅದಕ್ಕೆ ಕಾರಣ ಬೇರೆ. ಕೆಂಪು ಚಾನೆಲ್ ಒಂದೇ ತುಂಬಿ ಚೆಲ್ಲಿದೆ. ಬಿಳಿ ಹಿಸ್ಟೋಗ್ರಾಮ್ (ಒಟ್ಟು ಬೆಳಕು ಎಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡಿದರೆ ಎಲ್ಲ ಸರಿ ಅನಿಸುತ್ತದೆ. ಫೋಟೋ ನೋಡುವಾಗ ಆರ್‌ಜಿಬಿ ಹಿಸ್ಟೋಗ್ರಾಮ್ ತೆರೆ, ಕೆಂಪು, ಹಸಿರು, ನೀಲಿ ಬೇರೆ ಬೇರೆ ಬರುತ್ತವೆ. ಕೆಂಪು ಬಲಗೋಡೆಗೆ ಅಂಟಿದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸು, ಅಂದರೆ ಬೆಳಕು ಅರ್ಧ ಮಾಡು. ಕಪ್ಪಗೆ ಬಂತೆಂದು ಹೆದರಬೇಡ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ ರಾ ಫೈಲ್‌ನಲ್ಲಿ 16,384. ಗುಮ್ಮಟದ ಒಳಗಿನ ಕತ್ತಲೆಯನ್ನೇ ಎತ್ತಿದ್ದೇನೆ, ನಿನ್ನ ಸೆರಗು ಏನು ಮಹಾ.

ಸಾಫ್ಟ್‌ವೇರ್ ಕೇಳಿದೆಯಲ್ಲ, ಕ್ಯಾನನ್‌ನವರದೇ ಡಿಜಿಟಲ್ ಫೋಟೋ ಪ್ರೊಫೆಷನಲ್ ಇದೆ, ಉಚಿತ. ಅದನ್ನು ಯಾರೂ ಹೊಗಳುವುದಿಲ್ಲ. ನೋಡಲು ಸರ್ಕಾರಿ ಫಾರಂ ಥರ ಇದೆ. ಆದರೆ ಅದರಲ್ಲಿ ಪಿಕ್ಚರ್ ಸ್ಟೈಲನ್ನು ಫೋಟೋ ತೆಗೆದ ಮೇಲೂ ಬದಲಿಸಬಹುದು. ಸ್ಟ್ಯಾಂಡರ್ಡ್ ತೆಗೆದು ಫೇತ್‌ಫುಲ್ ಇಡು. 5200 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಸಿಲಿನಲ್ಲಿ ತೆಗೆದ ವಸ್ತುವಿನ ಬಣ್ಣಕ್ಕೆ ಹೊಂದಲಿ ಅಂತಲೇ ಅದನ್ನು ಮಾಡಿದ್ದಾರೆ. ಸೀರೆ ಪಕ್ಕ ಒಂದು ಗ್ರೇ ಕಾರ್ಡ್ (ಅಪ್ಪಟ ಬೂದು ಬಣ್ಣದ ಹಲಗೆ) ಇಟ್ಟು ಮೊದಲ ಫೋಟೋ ತೆಗಿ. ಆ ಕಾರ್ಡ್ ಮೇಲೆ ವೈಟ್ ಬ್ಯಾಲೆನ್ಸ್ ಕ್ಲಿಕ್ ಮಾಡಿ, ಅದನ್ನೇ ಉಳಿದವಕ್ಕೆ ಅಂಟಿಸು.

ಟಿಳಕವಾಡಿ ಹುಡುಗ:
ಡಾರ್ಕ್‌ಟೇಬಲ್‌ನಲ್ಲಿ ಕಲರ್ ಚೆಕರ್ (ಗೊತ್ತಿರುವ ಬಣ್ಣಗಳ ಚೌಕಗಳಿರುವ ಕಾರ್ಡ್) ಇಟ್ಟು ಇದಕ್ಕಿಂತ ಕರಾರುವಾಕ್ಕಾಗಿ ಮಾಡಬಹುದು ಸರ್.

ಗುಮ್ಮಟದ ನೆರಳು:
ಮಾಡಬಹುದಪ್ಪ. ಆ ಕಾರ್ಡಿನ ರೇಟು ನೋಡಿದ್ದೀಯಾ? ಆಕೆ ಅಷ್ಟರಲ್ಲಿ ಒಂದು ಸೀರೆ ಮಾರಬಹುದು.

ಇಳಕಲ್ ಸೊಸೆ (ಹತ್ತು ದಿನದ ಮೇಲೆ):
ಪಡಸಾಲೆಯಲ್ಲಿ ತೆಗೆದೆ. ಮೊದಲ ದಿನ ಗೋಡೆಯ ಹಸಿರು ಬಣ್ಣ ಸೀರೆ ಮೇಲೆ ಬಿತ್ತು, ಬಿಳಿ ಪಂಚೆ ಕಟ್ಟಿದೆ. ಎಕ್ಸ್‌ಪೋಷರ್ ಇಳಿಸಿದೆ, ಕ್ಯಾನನ್‌ನದೇ ಸಾಫ್ಟ್‌ವೇರ್ ಹಾಕಿದೆ, ಫೇತ್‌ಫುಲ್ ಇಟ್ಟೆ. ಸೆರಗಿನ ತೆನೆ ವಿನ್ಯಾಸ ಒಂದೊಂದೂ ಎಣಿಸಬಹುದು ಈಗ! ಲ್ಯಾಪ್‌ಟಾಪ್ ಪಕ್ಕ ಸೀರೆ ಹಿಡಿದು ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿ, "ಇದು ನಮ್ಮ ಕೆಂಪು" ಅಂದರು.

ಆದರೆ ನನ್ನ ಫೋನ್‌ಗೆ ಕಳಿಸಿದರೆ ಮತ್ತೆ ಜಾಸ್ತಿ ಕೆಂಪು. ಮಾವನ ಫೋನ್‌ನಲ್ಲಿ ಸರಿ ಇದೆ. ಇದ್ಯಾಕೆ?

ನವನಗರ ಸ್ಟುಡಿಯೋ:
ನಿಮ್ಮ ಫೋನ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ "ವಿವಿಡ್" ಇರಬೇಕು, "ನ್ಯಾಚುರಲ್" ಮಾಡಿ ನೋಡಿ. ಫೋಟೋ ಹೊರಗೆ ತೆಗೆಯುವಾಗ ಎಸ್‌ಆರ್‌ಜಿಬಿಯಲ್ಲೇ (ಸಾಮಾನ್ಯ ಪರದೆಗಳಿಗೆ ಹೊಂದುವ ಬಣ್ಣದ ಮಾನದಂಡ) ತೆಗೆಯಿರಿ. ಅಡೋಬಿ ಆರ್‌ಜಿಬಿ ಇಟ್ಟರೆ ಎಷ್ಟೋ ಫೋನ್‌ಗಳಲ್ಲಿ ಮಂಕಾಗುತ್ತದೆ. ಗಿರಾಕಿ ಫೋನ್ ನಮ್ಮ ಕೈಯಲ್ಲಿಲ್ಲ ಮೇಡಂ.

ಇಳಕಲ್ ಸೊಸೆ:
ವಿವಿಡ್ ಇತ್ತು! ಗಿರಾಕಿಗಳಿಗೆ ಏನು ಮಾಡೋದು ಅಂತ ಮಾವನೇ ದಾರಿ ಹೇಳಿದರು. ದೂರದವರು ಕೇಳಿದರೆ ಸೆರಗಿನ ರೇಷ್ಮೆ ನೂಲು ಒಂದು ಗೇಣು ಕವರ್‌ನಲ್ಲಿ ಹಾಕಿ ಮೊದಲು ಅಂಚೆಗೆ ಹಾಕ್ತೀವಿ. ಪುಣೆಯವರಿಗೂ ಹೋಗಿದೆ.

ಕೊನೆಯ ಪ್ರಶ್ನೆ, ಮಾರಾಟವಾದ ಸೀರೆಯ ರಾ ಫೈಲ್ ಅಳಿಸಲಾ? ಜಾಗ ಇಲ್ಲ.

ಗುಮ್ಮಟದ ನೆರಳು:
ಸೀರೆಗೆ ಒಂದು ರಾ ಇಟ್ಟು ಉಳಿದವು ಅಳಿಸು. ಅದೇ ಬಣ್ಣ ಮತ್ತೆ ನೇಯಿಸಿದಾಗ ಬೇಕಾಗುತ್ತದೆ.